ದಸರಾ ರಜೆ ಯಾರ ಸೊತ್ತು?

2025ರ ಅಕ್ಟೋಬರ್ 7, ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಬೇಕಿದ್ದ ದಿನ. ಅಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮುಂದಿಟ್ಟ ಅಂಕಿಗಳಲ್ಲಿ ಕೊಪ್ಪಳ ಶೇ 97, ಉಡುಪಿ ಶೇ 63, ದಕ್ಷಿಣ ಕನ್ನಡ ಶೇ 60. ಬುದ್ಧಿವಂತರ ಜಿಲ್ಲೆಗಳಿಗೆ ಇದೇನಾಯಿತು ಎಂದು ನಕ್ಕವರಿದ್ದರು. ಉಳಿದ ಕೆಲಸ ಮುಗಿಸಲೆಂದು ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ರಜೆ ಸಿಕ್ಕಿದ್ದು ಮಕ್ಕಳಿಗೆ. ಸೆಪ್ಟೆಂಬರ್ 22ರಿಂದ ಮನೆ ಮನೆ ಹತ್ತಿಳಿಯುತ್ತಿದ್ದ ಶಿಕ್ಷಕರಿಗೆ ಸಿಕ್ಕಿದ್ದು ಮತ್ತಷ್ಟು ಮನೆ.

ಉಡುಪಿಯ ಶೇ 63 ಎಂಬುದು ಸೋಮಾರಿತನದ ಅಂಕಿಯಲ್ಲ, ಊರಿನ ನಕ್ಷೆ. ಬಯಲುಸೀಮೆಯಲ್ಲಿ ಒಂದು ಬೀದಿ ಹಿಡಿದರೆ ನಲವತ್ತು ಮನೆ ಸಾಲಾಗಿ ಸಿಗುತ್ತವೆ. ಕಾರ್ಕಳ ತಾಲ್ಲೂಕಿನ ಮಾಳ, ಈದು, ನೂರಾಳ್‌ಬೆಟ್ಟು ಕಡೆ ಬೀದಿ ಎಂಬುದೇ ಇಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ತೋಟ ಇಳಿದು, ತೋಡು ದಾಟಿ, ಎದುರಿನ ಗುಡ್ಡ ಏರಬೇಕು. ಅಂಗಳ ತಲುಪಿದ ಮೇಲೆ ಅರವತ್ತು ಪ್ರಶ್ನೆ, ನಡುವೆ ಒಟಿಪಿ. ಒಟಿಪಿ ಬರಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಇರುವುದು ಗುಡ್ಡದ ನೆತ್ತಿಯಲ್ಲಿ. ವಿದ್ಯುತ್ ಮೀಟರ್ ಆಧರಿಸಿ ಕೊಟ್ಟ ಮನೆ ಸಂಖ್ಯೆಯ ಪಟ್ಟಿಯೋ, ನಡೆಯುವ ದಾರಿಯ ಕ್ರಮದಲ್ಲಿ ಇರುವುದಿಲ್ಲ. ಕಾಪು, ಉಚ್ಚಿಲದ ಕಡೆಗೆ ಬಂದರೆ ದಾರಿ ಸಲೀಸು, ಆದರೆ ಬಾಗಿಲಿಗೆ ಬೀಗ. ಮನೆಮಂದಿ ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇರುತ್ತಾರೆ. ಗೌರವಧನ ಮಾತ್ರ ಬಹುಪಾಲು ಮನೆಯ ಲೆಕ್ಕದ್ದು, ನಡೆದ ದಾರಿಯದ್ದಲ್ಲ.

‘ಪುಕ್ಕಟೆ ಮಾಡಿಸಲಿಲ್ಲವಲ್ಲ, 20,000 ರೂಪಾಯಿವರೆಗೆ ಕೊಟ್ಟಿದ್ದೇವೆ’ ಎಂದು ಸರ್ಕಾರ ಹೇಳಬಹುದು. ನಿಜ. ಸ್ಕೂಟರಿನ ಪೆಟ್ರೋಲು, ಸ್ವಂತ ಮೊಬೈಲು, ಅದರ ಡೇಟಾ ಕಳೆದರೂ ಅಷ್ಟಿಷ್ಟು ಉಳಿಯುತ್ತದೆ. ನನ್ನ ತಕರಾರು ಬೇರೆ. ಆ ಹಣ ಮಾಡಿದ ಕೆಲಸಕ್ಕೆ. ಕಳೆದ ರಜೆಗೆ ಏನು?

ಸೇವಾ ನಿಯಮವನ್ನೇ ನೋಡಿ. ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಇದೆ. ಬಳಸದೆ ಕೂಡಿಟ್ಟರೆ ನಿವೃತ್ತಿಯಾಗುವಾಗ 300 ದಿನಗಳವರೆಗೆ ನಗದಾಗಿ ಕೈಗೆ ಬರುತ್ತದೆ. ಶಾಲಾ ಶಿಕ್ಷಕರಿಗೆ ಈ 30 ದಿನ ಇಲ್ಲ, ಅದರಲ್ಲೊಂದು ಚೂರು ಮಾತ್ರ. ಯಾಕೆಂದರೆ ಅವರಿಗೆ ದಸರಾ ರಜೆ, ಬೇಸಿಗೆ ರಜೆ ಇದೆ ಎಂಬುದು ನಿಯಮದ ತರ್ಕ. ಅಂದರೆ ದಸರಾ ರಜೆ ಇಲಾಖೆಯ ಔದಾರ್ಯವಲ್ಲ, ಇನ್ನೊಂದು ಕಡೆ ಮುರಿದುಕೊಂಡ ಸವಲತ್ತಿಗೆ ಬದಲಾಗಿ ಕೊಟ್ಟದ್ದು. ಕರ್ತವ್ಯಕ್ಕೆ ಕರೆದು ರಜೆ ತಪ್ಪಿಸಿದರೆ ಅದಕ್ಕೆ ತಕ್ಕಷ್ಟು ಗಳಿಕೆ ರಜೆ ಜಮೆ ಮಾಡಬೇಕೆಂಬ ತತ್ವವೂ ಇಲ್ಲಿಂದಲೇ ಹುಟ್ಟಿದ್ದು. ಗೌರವಧನ ಸಿಕ್ಕಿತಲ್ಲ ಎಂದು ಇದನ್ನು ತೇಲಿಸಿಬಿಟ್ಟರೆ ಸಂಬಳದ ಒಂದು ಭಾಗವನ್ನೇ ತೇಲಿಸಿದಂತೆ.

ವಿಚಿತ್ರವೆಂದರೆ, ಶಿಕ್ಷಕರ ರಜೆ ಹೀಗೆ ಎಲ್ಲರ ಕೈಗೆ ಸಿಗುವಂತಾಗಲು ಮಕ್ಕಳ ಹಿತದ ತೀರ್ಪೊಂದೂ ಕಾರಣ. ದೆಹಲಿಯ ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮತದಾರರ ಪಟ್ಟಿ ಪರಿಷ್ಕರಣೆಯಂತಹ ಕೆಲಸಕ್ಕೆ ಶಿಕ್ಷಕರನ್ನು ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಹಚ್ಚಬೇಕು, ಪಾಠದ ವೇಳೆ ಮುಟ್ಟಬಾರದು ಎಂದಿತು. ಮಕ್ಕಳ ಪಾಠ ಉಳಿಯಿತು, ಒಳ್ಳೆಯದೇ. ಅದರ ಬೆಲೆಯನ್ನು ಶಿಕ್ಷಕರ ಭಾನುವಾರದಿಂದ ಭರಿಸಲಾಯಿತು. ಬಳಿಕ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಯಾವುದಕ್ಕೂ ಶಿಕ್ಷಕರನ್ನು ಕಳಿಸಬಾರದು ಎನ್ನುತ್ತದೆ. ರಾಜ್ಯದ ಸಮೀಕ್ಷೆ ಈ ಮೂರರಲ್ಲಿ ಯಾವುದು ಎಂಬ ಪ್ರಶ್ನೆ ಗಟ್ಟಿಯಾಗಿ ಏಳದೇ ಹೋದದ್ದಕ್ಕೂ ದಸರಾ ರಜೆಯೇ ಕಾರಣವೆಂದು ನನ್ನ ಅಂದಾಜು. ಶಾಲೆಯೇ ಇಲ್ಲದ ಮೇಲೆ ನಷ್ಟ ಯಾರಿಗೆ ಎಂದುಬಿಟ್ಟರಾಯಿತು.

ಸಮೀಕ್ಷೆಯಾದರೂ ಕಣ್ಣಿಗೆ ಕಾಣುವ ಕೆಲಸ. ಲೆಕ್ಕಕ್ಕೇ ಬಾರದ್ದು ಇನ್ನೊಂದಿದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂರುವಾಗ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಮಾತು: ‘ತುರ್ತು. ಸಂಜೆ 5ರೊಳಗೆ ಮಾಹಿತಿ ನೀಡತಕ್ಕದ್ದು.’ ವಿದ್ಯಾರ್ಥಿ ಗುರುತಿನ ಅಪಾರ್ ಐಡಿ ಎಷ್ಟು ಮಕ್ಕಳದ್ದು ಬಾಕಿ, ಶಾಲಾ ಮಾಹಿತಿಯ ಯುಡೈಸ್‌ನಲ್ಲಿ ಶೌಚಾಲಯದ ಕಾಲಂ ತುಂಬಿದೆಯೇ, ಮಕ್ಕಳಿಗೆ ಕೊಟ್ಟ ಮೊಟ್ಟೆಯ ಲೆಕ್ಕ ಎಲ್ಲಿ. ಇದಕ್ಕೆ ಆದೇಶದ ಸಂಖ್ಯೆಯೂ ಇಲ್ಲ, ಗೌರವಧನವೂ ಇಲ್ಲ. ಆದೇಶವೇ ಇಲ್ಲದ ಮೇಲೆ ಆಗುವುದಿಲ್ಲ ಎನ್ನುವುದಾದರೂ ಯಾರಿಗೆ? ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಆಗಿರುವ ಶಿಕ್ಷಕರದ್ದು ಇನ್ನೂ ಸ್ವಾರಸ್ಯ. ವರ್ಷಕ್ಕೆ 6,000 ಇದ್ದ ಗೌರವಧನವನ್ನು ಚುನಾವಣಾ ಆಯೋಗ 2025ರಲ್ಲಿ 12,000ಕ್ಕೆ ಏರಿಸಿತು. ದುಪ್ಪಟ್ಟು ಎಂದು ಸುದ್ದಿಯಾಯಿತು. ಭಾಗಿಸಿದರೆ ದಿನಕ್ಕೆ 33 ರೂಪಾಯಿ.

‘ಗೌರವಧನ’ ಎಂದ ಮೇಲೆ ಚೌಕಾಶಿ ಇಲ್ಲ. ಸಮೀಕ್ಷೆಗೆ ಮುನ್ನ ಮನೆ ಮನೆಗೆ ಅರ್ಜಿ ನಮೂನೆ ಹಂಚಿದ ಆಶಾ ಕಾರ್ಯಕರ್ತೆಯರು ಬದುಕುತ್ತಿರುವುದೇ ಗೌರವಧನ, ಪ್ರೋತ್ಸಾಹಧನಗಳ ಮೇಲೆ. ಕೂಲಿಗೆ ಬೇರೆ ಹೆಸರಿಡುವ ಈ ಆಟ ನಮ್ಮ ಉಡುಪಿ ಜಿಲ್ಲೆಗೆ ಹೊಸತಲ್ಲ. ದಿನಕ್ಕೆ ಎರಡಾಣೆ ಉಳಿಸುವ ಪಿಗ್ಮಿ ಠೇವಣಿ ಹುಟ್ಟಿದ್ದು ಇಲ್ಲೇ, 1928ರಲ್ಲಿ, ಮುಂದೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಲ್ಲಿ. ಅಂಗಡಿ ಅಂಗಡಿ ಸುತ್ತಿ ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದವರನ್ನು ಏಜೆಂಟರು ಎಂದರು, ಸಿಗುವ ಹಣವನ್ನು ಕಮಿಷನ್ ಎಂದರು. ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಇವರು ಕಾರ್ಮಿಕರೇ, ಆ ಕಮಿಷನ್ ಕೂಲಿಯೇ ಎಂದು ತೀರ್ಮಾನವಾಗುವಾಗ 2001 ಬಂದಿತ್ತು. ಹೆಸರಿನ ಆಟ ಈಗಲೂ ನಿಂತಿಲ್ಲ: ಇಂದಿನ ಬ್ಯಾಂಕುಗಳಲ್ಲಿ ಗುಮಾಸ್ತರಿಗೆ ಹೆಚ್ಚುವರಿ ದುಡಿಮೆಯ ಓಟಿ ಉಂಟು, ಆಫೀಸರ್ ಎನಿಸಿಕೊಂಡವರಿಗೆ ಇಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳ ಪೈಕಿ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲೂ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ‘ಕಾರ್ಮಿಕ’ರಿಗೆ ಮಾತ್ರ, ಮ್ಯಾನೇಜರ್ ಹುದ್ದೆಯವರಿಗಲ್ಲ. ಹಾಗಾಗಿ ಇಪ್ಪತ್ತೈದರ ಹುಡುಗರಿಗೂ ಮ್ಯಾನೇಜರ್ ಎಂಬ ಬಿರುದು ಧಾರಾಳವಾಗಿ ಸಿಗುತ್ತದೆ.

ಮೇಷ್ಟ್ರಿಗೆ ರಜೆ ಜಾಸ್ತಿ ಎಂಬ ಊರಿನ ಮಾತಿಗೂ ಉತ್ತರ ಹೇಳಬೇಕು. ಕಾರ್ಕಳದ ಮನೆ ಜಗಲಿಯಲ್ಲಿ ಬೀಡಿ ಸುತ್ತುವ ಹೆಂಗಸಿಗೆ ಯಾವ ದಸರಾ ರಜೆ? ಎಲೆ ನೆನೆಸುವುದು, ಕತ್ತರಿಸುವುದು ಅವಳ ಲೆಕ್ಕದಲ್ಲಿ ಕೂಲಿಯಿಲ್ಲದ ಕೆಲಸವೇ, ಎಣಿಸುವುದು ಸುತ್ತಿದ ಸಾವಿರವನ್ನು ಮಾತ್ರ. ಆ ಮಾತಿನಲ್ಲಿ ತೂಕ ಇದೆ. ಆದರೆ ಶಿಕ್ಷಕರ ರಜೆ ಕಿತ್ತುಕೊಂಡರೆ ಬೀಡಿ ಸುತ್ತುವವಳಿಗೇನೂ ಒಂದು ದಿನ ಹೆಚ್ಚು ಸಿಗುವುದಿಲ್ಲ.

ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಹಿಂದುಳಿದವರ ಲೆಕ್ಕ ಸರ್ಕಾರದ ಬಳಿ ಇರಲೇಬೇಕು, ಊರು ಬಲ್ಲ ಶಿಕ್ಷಕರಷ್ಟು ಚೆನ್ನಾಗಿ ಅದನ್ನು ಮಾಡುವವರೂ ಕಡಿಮೆ. ಮುಂದಿನ ಸರದಿ ಜನಗಣತಿಯದ್ದು: ಮನೆಪಟ್ಟಿ ಹಂತಕ್ಕೆ ಕೇಂದ್ರ ಗೊತ್ತುಪಡಿಸಿರುವುದು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ, ಜನರ ಎಣಿಕೆಗೆ 2027ರ ಫೆಬ್ರುವರಿ. ಇದು ಕಾನೂನು ಒಪ್ಪಿದ ಕೆಲಸ, ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ನೇಮಕಾತಿ ಆದೇಶದ ಅದೇ ಹಾಳೆಯಲ್ಲಿ ಮೂರು ಸಾಲು ಸೇರಲಿ: ರಜೆಯ ಎಷ್ಟು ದಿನ ತೆಗೆದುಕೊಳ್ಳುತ್ತಿದ್ದೇವೆ, ಅದಕ್ಕೆ ಎಷ್ಟು ಗಳಿಕೆ ರಜೆ ಯಾವ ತಾರೀಖಿಗೆ ಸೇವಾ ಪುಸ್ತಕಕ್ಕೆ ಏರುತ್ತದೆ, ಚದುರಿದ ಮನೆಗಳ ಊರಿಗೆ ಎಷ್ಟು ದಿನ ಹೆಚ್ಚು. ಮಾಳಕ್ಕೂ ಕೊಪ್ಪಳಕ್ಕೂ ಒಂದೇ ಗಡುವು ಕೊಟ್ಟು, ಆಮೇಲೆ ಶೇಕಡಾವಾರು ಓದಿ ಹೇಳುವುದನ್ನಾದರೂ ಬಿಡಲಿ.