ಲಕ್ಷದ್ವೀಪ: ಹಗಲಿನ ಅತಿಥಿಯೂ ಇರುಳಿನ ಅತಿಥಿಯೂ

2024ರ ಜನವರಿಯ ಆರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಲಕ್ಷದ್ವೀಪಕ್ಕೆ ಹೋಗಿ ಬಂದುದೂ, ಅಲ್ಲಿಯ ಮರಳದಂಡೆಯ ಮೇಲಿನ ಅವರ ಚಿತ್ರಗಳು ಮನೆಮನೆಗೂ ಮುಟ್ಟಿದುದೂ, ತರುವಾಯ ಮಾಲ್ದೀವ್ಸಿನ ಮೂವರು ಉಪಮಂತ್ರಿಗಳು ಆಡಬಾರದ ಮಾತನ್ನಾಡಿ ಅಮಾನತುಗೊಂಡುದೂ ವಾಚಕರ ನೆನಪಿನಲ್ಲಿರಬಹುದು. 2023ರಲ್ಲಿ ಮಾಲ್ದೀವ್ಸಿಗೆ ಹೋದ ಪ್ರವಾಸಿಗಳಲ್ಲಿ ಭಾರತೀಯರದೇ ಮೊದಲ ಸ್ಥಾನವಾಗಿತ್ತು; ಮರುವರ್ಷ ಆ ಸ್ಥಾನ ಉಳಿಯಲಿಲ್ಲ. ‘ಪರರಾಜ್ಯಕ್ಕೆ ಹಣ ಸುರಿಯುವುದೇಕೆ, ನಮ್ಮಲ್ಲಿಯೇ ಹವಳದ್ವೀಪಗಳಿವೆಯಲ್ಲ’ ಎಂಬ ಮಾತು ಅಂದಿನಿಂದ ಎಲ್ಲೆಡೆಯೂ ಕೇಳಿಬರುತ್ತಿದೆ. ಮಾತೇನೋ ಒಪ್ಪತಕ್ಕದ್ದೇ. ಆದರೆ ನೆಂಟರನ್ನು ಕರೆಯುವ ಮೊದಲು ಬಾವಿಯಲ್ಲಿ ನೀರೆಷ್ಟಿದೆಯೆಂದು ಬಗ್ಗಿ ನೋಡುವುದು ಗೃಹಸ್ಥನ ಲಕ್ಷಣ. ಲಕ್ಷದ್ವೀಪದ ವಿಷಯದಲ್ಲಿ ಇದು ಬರಿಯ ಗಾದೆಯ ಮಾತಲ್ಲ. ಅಲ್ಲಿಯ ಪ್ರಶ್ನೆಯೇ ಬಾವಿಯ ಪ್ರಶ್ನೆ.

ಈ ದ್ವೀಪಗಳು ಕನ್ನಡಿಗರಿಗೆ ಅಪರಿಚಿತವೆಂದು ಭಾವಿಸುವವರು ಮಂಗಳೂರಿನ ಬಂದರನ್ನು ಮರೆತವರು. ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ಅಮಿನ್‌ದೀವಿ ದ್ವೀಪಗಳು ಟಿಪ್ಪುಸುಲ್ತಾನನ ವಶದಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾಗಿ, 1956ರ ಅಕ್ಟೋಬರ್ ಕೊನೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರರೇ ಅವುಗಳಿಗೂ ಅಧಿಕಾರಿ. ದ್ವೀಪದ ತೆಂಗಿನ ನಾರು ಹಾಯಿಹಡಗಿನಲ್ಲಿ ಬಂದರಿಗೆ ಬರುತ್ತಿತ್ತು, ಅಕ್ಕಿ ಇಲ್ಲಿಂದ ಹೋಗುತ್ತಿತ್ತು. ರಾಜ್ಯಗಳ ಪುನರ್ವಿಂಗಡಣೆಯ ದಿನ ಜಿಲ್ಲೆಯು ಮೈಸೂರಿಗೆ, ಕಾಸರಗೋಡು ಕೇರಳಕ್ಕೆ, ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಸೇರಿದವು. ಕಾಸರಗೋಡಿಗಾಗಿ ನಾವು ಸುರಿಸಿದ ಕಣ್ಣೀರಿನಲ್ಲಿ ಒಂದು ಹನಿಯೂ ಆ ದ್ವೀಪಗಳಿಗೆ ಸಲ್ಲಲಿಲ್ಲವೆಂಬುದು ಬೇರೆ ಮಾತು.

ಮಲ್ಪೆಯ ಎದುರಿನ ಸಂತ ಮೇರಿ ದ್ವೀಪವನ್ನು ನೋಡಿದವರು ಅದೇ ಅಳತೆಗೋಲನ್ನು ಇಲ್ಲಿಗೂ ಹಚ್ಚಬಾರದು. ಮಲ್ಪೆಯದು ಬೆಂಕಿಯಿಂದ ಹುಟ್ಟಿದ ಕಲ್ಲು. ಸಾವಿರ ಜನ ತುಳಿದರೂ ಅದು ಕಲ್ಲೇ. ಹವಳದ್ವೀಪವಾದರೋ ಸಜೀವ ಪ್ರಾಣಿಗಳು ಕಟ್ಟಿದ ಮನೆ. ಹವಳವೆಂಬ ಪುಟ್ಟ ಜೀವಿ ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ಗೂಡು ಕಟ್ಟುತ್ತದೆ. ಅದು ಸತ್ತ ಮೇಲೆ ಗೂಡಿನ ಮೇಲೆ ಗೂಡು ಬೆಳೆದು ದಿಬ್ಬವಾಗುತ್ತದೆ. ಅದು ಮುರಿದು, ಅಲೆಗೆ ಸವೆದು, ಗಿಳಿಮೀನುಗಳ ಹಲ್ಲಿಗೆ ಸಿಕ್ಕಿ ಪುಡಿಯಾದುದೇ ಚಿತ್ರಗಳಲ್ಲಿ ಕಾಣುವ ಬೆಳ್ಳನೆಯ ಮರಳು. ದಿಬ್ಬವು ಕಡಲಿನ ಅಬ್ಬರವನ್ನು ಹೊರಗೇ ತಡೆಯುತ್ತದೆ. ಒಳಗೆ ತಿಳಿಯಾದ ಒಳಗಡಲು, ಅದರ ಅಂಚಿನಲ್ಲಿ ನಾಲ್ಕಾರು ಅಡಿ ಎತ್ತರದ ನೆಲ. ಲಕ್ಷದ್ವೀಪದ ನೆಲವೆಲ್ಲ ಸೇರಿ 32 ಚದರ ಕಿಲೋಮೀಟರು, ಒಳಗಡಲು ಸುಮಾರು 4,200. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64,473 ಮಂದಿ. ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಮಿಕ್ಕು.

ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ದ್ವೀಪದವರ ಬಾವಿಯೆಂದರೆ ಈ ಪದರವೇ. ಕೊಡದಿಂದ ಸೇದಿದಷ್ಟು ಕಾಲ ಅದು ಸಿಹಿ. ಪಂಪು ಹಚ್ಚಿ ಮಿತಿಮೀರಿ ಎಳೆದರೆ ಕೆಳಗಿನ ಉಪ್ಪು ಮೇಲಕ್ಕೇರುತ್ತದೆ. ಶೌಚದ ಗುಂಡಿಯೂ ಅದೇ ಮರಳಿನಲ್ಲಿಯೇ ಇರಬೇಕಾದುದರಿಂದ ಕೊಳೆಯೂ ಅದಕ್ಕೇ ಸೇರುತ್ತದೆ. ಇದನ್ನರಿತೇ ಸರಕಾರವು 2005ರಲ್ಲಿ ಕವರತ್ತಿಯಲ್ಲಿ, ಕಡಲಾಳದ ತಣ್ಣೀರಿನ ಸಹಾಯದಿಂದ ದಿನಕ್ಕೆ ಒಂದು ಲಕ್ಷ ಲೀಟರು ಉಪ್ಪುನೀರನ್ನು ಸಿಹಿಗೊಳಿಸುವ ಯಂತ್ರಾಗಾರವನ್ನು ಸ್ಥಾಪಿಸಿತು. ಬೇರೆ ದ್ವೀಪಗಳಿಗೂ ಕ್ರಮೇಣ ಆ ಸೌಕರ್ಯ ಬಂದಿತು.

ಇಂತಹ ದ್ವೀಪಕ್ಕೆ ಒಂದು ಹಗಲಿನ ಮಟ್ಟಿಗೆ ಹೋಗಿ ಬರುವ ಕ್ರಮವು ಹೊಸತಲ್ಲ. ಲಕ್ಷದ್ವೀಪದ ಆಡಳಿತವೇ ನಡೆಸಿದ ‘ಸಮುದ್ರಂ’ ಪ್ರವಾಸದಲ್ಲಿ ಕೊಚ್ಚಿಯಿಂದ ಹೊರಟ ಹಡಗು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ಮುಟ್ಟುತ್ತಿತ್ತು. ಬೆಳಗಿನಲ್ಲಿ ಹಡಗು ದಿಬ್ಬದ ಹೊರಗೆ ಲಂಗರು ಹಾಕುವುದು. ಜನ ಸಣ್ಣ ದೋಣಿಗಳಿಗಿಳಿದು ದ್ವೀಪವನ್ನು ಸೇರುವುದು. ಈಜು, ಗಾಜಿನ ತಳದ ದೋಣಿಯಲ್ಲಿ ಹವಳದ ದರ್ಶನ, ಎಳನೀರು, ಊಟ, ದ್ವೀಪದ ಯುವಕರ ಕೋಲ್ಕಳಿ. ಸಂಜೆಗೆ ಮರಳಿ ಹಡಗು. ಇರುಳಿನ ನಿದ್ರೆ ಹಡಗಿನಲ್ಲಿ, ಸ್ನಾನ ಹಡಗಿನಲ್ಲಿ. ಕಲ್ಪೇನಿಯ ಪೂರ್ವದಂಡೆಯಲ್ಲಿ 1847ರ ಬಿರುಗಾಳಿ ಎತ್ತಿ ಎಸೆದ ಹವಳದ ಚೂರುಗಳ ಒಡ್ಡು ಇಂದಿಗೂ ಇದೆ; ನೆಲದ ಮೇಲೆ ಮೂರು ಗಂಟೆ ಇದ್ದವನಿಗೂ ಈ ಊರು ಎಷ್ಟು ತಗ್ಗಿನಲ್ಲಿದೆಯೆಂಬ ಅರಿವನ್ನು ಅದು ಮೂಡಿಸುತ್ತದೆ.

ಈ ಕ್ರಮಕ್ಕೆ ಇಂದು ಗೌರವ ಕಡಿಮೆ. ಹಗಲಿನ ಪ್ರವಾಸಿ ಹಣ ಬಿಚ್ಚುವುದಿಲ್ಲ, ರಾತ್ರಿ ತಂಗುವವನೇ ನಿಜವಾದ ಪ್ರವಾಸಿ ಎಂಬುದು ಯೋಜನಾಕಾರರ ಎಣಿಕೆ. 2023ರ ಜನವರಿಯಲ್ಲಿ ತಾಜ್ ಹೋಟೆಲುಗಳ ಕಂಪೆನಿಯು ಸುಹೇಲಿ ಮತ್ತು ಕದಮತ್ ದ್ವೀಪಗಳಲ್ಲಿ ತಲಾ 110 ಕೋಣೆಗಳ ವಿಹಾರಧಾಮಗಳನ್ನು ಪ್ರಕಟಿಸಿತು. ಕದಮತ್‌ನಲ್ಲಿ ಅವುಗಳ ಪೈಕಿ 35 ನೀರಿನ ಮೇಲೆಯೇ ನಿಲ್ಲತಕ್ಕವು.

ಹೋಟೆಲಿನ ಗಲ್ಲೆಯಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಲೆಕ್ಕದ ಇನ್ನೊಂದು ಬದಿಯೂ ಗೊತ್ತು. ಊಟ ಮಾಡಿ ಕೈತೊಳೆದು ಹೋಗುವ ಗಿರಾಕಿಗೆ ಒಂದು ಬಕೆಟ್ಟು ನೀರು ಸಾಕು. ಕೋಣೆ ಹಿಡಿದ ಗಿರಾಕಿಗೆ ಎರಡು ಸ್ನಾನ, ಹಾಸಿಗೆಯ ವಸ್ತ್ರ, ಪಂಚೆ ತುವಾಲು, ನೆಲ ತೊಳೆಯುವುದು ಎಲ್ಲ ಸೇರಿ ತಲೆಗೆ ಮುನ್ನೂರು ಲೀಟರೆಂದರೆ ಜಿಪುಣನ ಎಣಿಕೆ. 110 ಕೋಣೆಗೆ 220 ಜನ. ದಿನಕ್ಕೆ 66,000 ಲೀಟರಾಯಿತು. ಪ್ರಧಾನಿಯವರು 2024ರ ಆ ಭೇಟಿಯಲ್ಲಿಯೇ ಕದಮತ್‌ಗೆ ಸಮರ್ಪಿಸಿದ ಸಿಹಿನೀರಿನ ಯಂತ್ರಾಗಾರದ ಶಕ್ತಿ ದಿನಕ್ಕೆ ಒಂದೂವರೆ ಲಕ್ಷ ಲೀಟರು. ಅದನ್ನು ಅಲ್ಲಿಯ ಸುಮಾರು ಐದು ಸಾವಿರದ ನಾನೂರು ನಿವಾಸಿಗಳಿಗೆ ಹಂಚಿದರೆ ತಲೆಗೆ 28 ಲೀಟರೂ ಪೂರ್ತಿ ಬಾರದು. ವಿಹಾರಧಾಮವು ತನ್ನ ನೀರನ್ನು ತಾನೇ ತಯಾರಿಸಿಕೊಳ್ಳಲಿ ಎನ್ನಬಹುದು. ಆಗಲಿ; ಆದರೆ ನೀರಿಗೆ ವಿದ್ಯುತ್ತು ಬೇಕು, ದ್ವೀಪದ ವಿದ್ಯುತ್ತು ಬಹುಪಾಲು ಡೀಸೆಲಿನಿಂದ, ಡೀಸೆಲು ಹಡಗಿನಿಂದ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಯಾವತ್ತೂ ದಾಟಿ ಬರಬೇಕಾದುದೇ. ಮಂಗಳೂರಿನ ಹಳೆಯ ಬಂದರಿನವರಿಗೆ ಈ ವ್ಯಾಪಾರ ಹೊಸತಲ್ಲ. ಹೋಗುವ ಪೆಟ್ಟಿಗೆಗಳ ಲೆಕ್ಕ ಬಂದರಿನಲ್ಲಿದೆ. ಮರಳಿ ಬರಬೇಕಾದ ಕಸದ ಲೆಕ್ಕ ಯಾರ ಖಾತೆಯಲ್ಲಿಯೂ ಇಲ್ಲ.

ಹಾಗೆಂದು ಹಗಲಿನ ಪ್ರವಾಸಿಯನ್ನು ನಿರಪರಾಧಿಯೆನ್ನಲಾಗದು. 2021ರಿಂದ ಮುಂಬಯಿಯಿಂದಲೇ ಖಾಸಗಿ ವಿಹಾರನೌಕೆಯೊಂದು ಲಕ್ಷದ್ವೀಪಕ್ಕೆ ಹೊರಟಿತು; ಸಾವಿರಕ್ಕೂ ಮಿಕ್ಕಿ ಜನರನ್ನು ಹೊರಬಲ್ಲ ನೌಕೆ. ಅಗತ್ತಿಯ ಜನಸಂಖ್ಯೆಯೇ 2011ರಲ್ಲಿ ಏಳೂವರೆ ಸಾವಿರ. ಸಾವಿರ ಜನ ಒಂದೇ ಹಗಲಿನಲ್ಲಿ ಒಂದೇ ದಂಡೆಗಿಳಿದು, ಸೊಂಟದಷ್ಟು ನೀರಿನಲ್ಲಿ ಹವಳದ ಮೇಲೆ ಕಾಲೂರಿ ನಿಂತು ಚಿತ್ರ ತೆಗೆಸಿಕೊಂಡರೆ, ವರ್ಷಕ್ಕೆ ಬೆರಳುಗಳಲ್ಲಿ ಅಳೆಯಬಹುದಾದಷ್ಟೇ ಬೆಳೆಯುವ ಜೀವಿಯ ಗತಿಯೇನು? ಊಟವೂ ಹಡಗಿನಲ್ಲಿಯೇ ಆದರೆ ದ್ವೀಪದವನ ಕೈಗೆ ಎಳನೀರಿನ ಕಾಸು ಮಾತ್ರ. ಹಗಲಿನ ಪ್ರವಾಸದಲ್ಲಿ ಸಂಖ್ಯೆಯೇ ಸರ್ವಸ್ವ.

ಹವಳವಾದರೋ ಈಗಲೇ ರೋಗಿಷ್ಠ. ಕಡಲು ಮಿತಿಮೀರಿ ಕಾದಾಗ ಹವಳವು ತನ್ನೊಳಗೆ ಸಾಕಿಕೊಂಡ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ; ಶಾಖ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ಅಗತ್ತಿ, ಕದಮತ್, ಕವರತ್ತಿಗಳಲ್ಲಿ 1998ರಿಂದ ನಡೆದ ದೀರ್ಘ ಅಧ್ಯಯನದಂತೆ ಕಾಲು ಶತಮಾನದೊಳಗೆ ಸಜೀವ ಹವಳದ ಹರವು ಸುಮಾರು ಅರ್ಧಕ್ಕಿಳಿದಿದೆ. ಇದು ಚೆಲುವಿನ ಮಾತಷ್ಟೇ ಅಲ್ಲ. ಟ್ಯೂನಾ ಮೀನನ್ನು ಗಾಳದಿಂದ ಹಿಡಿಯುವ ದ್ವೀಪದವರಿಗೆ ಎರೆಯ ಮರಿಮೀನು ದೊರೆಯುವುದು ಒಳಗಡಲಿನಲ್ಲಿ. ಮಿನಿಕಾಯಿಯ ‘ಮಾಸ್’ ಒಣಮೀನಿನ ಮೂಲವೂ ಅದೇ. ದಿಬ್ಬ ಸತ್ತರೆ ಅಲೆಗೆ ತಡೆಯಿಲ್ಲ. ಪರಲಿ ಎಂಬ ನಿರ್ಜನ ದ್ವೀಪವೊಂದು ಸವೆದು ಕಣ್ಮರೆಯಾದುದು 2017ರಲ್ಲಿ ಪ್ರಕಟವಾಯಿತು.

ಮಿತಿ ಹಾಕುವ ಕೆಲಸ ನಡೆಯದೆ ಇಲ್ಲ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಕ್ಷದ್ವೀಪಕ್ಕಾಗಿ ನೇಮಿಸಿದ ತಜ್ಞಸಮಿತಿಗೆ ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರೇ ಅಧ್ಯಕ್ಷರು. ದ್ವೀಪ ದ್ವೀಪಕ್ಕೂ ಬೇರೆ ಬೇರೆ ನಿರ್ವಹಣಾ ಯೋಜನೆಗಳು ಆ ಮೂಲಕ ಬಂದವು. ಆದರೆ 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಹೊರಟಾಗ, ನೆಲವು ಕೈತಪ್ಪೀತೆಂದು ದ್ವೀಪದ ಜನ ಮನೆಮನೆಯಲ್ಲಿ ಉಪವಾಸ ಕುಳಿತರು. ಅಭಿವೃದ್ಧಿ ಬೇಡವೆಂದಲ್ಲ, ತಮ್ಮನ್ನು ಕೇಳಿ ಮಾಡಿರೆಂಬುದು ಅವರ ಬೇಡಿಕೆಯ ತಿರುಳು.

ನಮ್ಮ ಅಭಿಪ್ರಾಯವಿಷ್ಟು. ಜನವಸತಿಯ ದ್ವೀಪಗಳಿಗೆ ಪ್ರವಾಸಿಗಳು ಮುಖ್ಯವಾಗಿ ಹಗಲಿನವರೇ ಆಗಿರಲಿ, ಇರುಳು ಹಡಗಿನಲ್ಲಿಯೇ ಕಳೆಯಲಿ. ಒಂದು ದಿನಕ್ಕೆ ಒಂದು ದ್ವೀಪದಲ್ಲಿ ಇಳಿಯುವವರ ಸಂಖ್ಯೆಯನ್ನು ಹಡಗಿನ ಗಾತ್ರ ನೋಡಿ ಅಲ್ಲ, ಒಳಗಡಲಿನ ಸ್ಥಿತಿ ನೋಡಿ ನಿಗದಿಪಡಿಸಬೇಕು. ಹವಳ ಬಿಳಿಚಿಕೊಂಡ ವರ್ಷ ಈಜಾಟದ ತಾಣಗಳನ್ನು ಮುಚ್ಚಬೇಕು. ಮಧ್ಯಾಹ್ನದ ಊಟ ದ್ವೀಪದ ಮನೆಯವರ ಕೈಯಿಂದಲೇ ಆಗಲಿ, ದೋಣಿಯ ಬಾಡಿಗೆ ಅವರಿಗೇ ಸಲ್ಲಲಿ. ಹಡಗಿನಿಂದ ಇಳಿಸಿದ ಪ್ರತಿಯೊಂದು ಬಾಟಲಿಯೂ ಹಡಗಿಗೇ ಹತ್ತಬೇಕು. ಈಗಿರುವ ಪ್ರವೇಶಪತ್ರದ ಪದ್ಧತಿಯೇ ಇದಕ್ಕೆಲ್ಲ ಸಾಕಾದ ಅಧಿಕಾರವನ್ನು ಆಡಳಿತಕ್ಕೆ ಕೊಡುತ್ತದೆ. ಹೊಸ ಕಾನೂನಿನ ಅಗತ್ಯವಿಲ್ಲ. ಮುಂಬಯಿಯಿಂದ ಹೊರಡಲಿರುವ ನಮ್ಮವರು ಟಿಕೀಟು ಕೊಳ್ಳುವಾಗ ಕ್ಯಾಬಿನ್ನಿನ ಕಿಟಕಿಯನ್ನು ವಿಚಾರಿಸುವ ಜೊತೆಗೆ, ದ್ವೀಪಕ್ಕೆ ಎಷ್ಟು ಜನರನ್ನು ಇಳಿಸುತ್ತೀರಿ, ಊಟ ಯಾರ ಕೈಯದು ಎಂದೂ ವಿಚಾರಿಸಬಹುದು.