ಡೇರೆ ದೊಡ್ಡದು, ಆಟ?

ಶೃಂಗೇರಿಯಿಂದ ಕಾರ್ಕಳಕ್ಕೆ ಇಳಿಯುವ ಹಾದಿಯ ಕೆರೆಕಟ್ಟೆಯ ಕಡೆ ‘ಆಟ’ವೆಂದರೆ ಹಿರಿಯರಿಗೆ ಯಕ್ಷಗಾನ, ಮಕ್ಕಳಿಗೀಗ ವಿಡಿಯೋ ಗೇಮ್. ಡೇರೆ ದೊಡ್ಡದಾದ ಮಾತ್ರಕ್ಕೆ ಭಾಗವತಿಕೆ ಸೊಗಸಾಗದೆಂಬ ವಿವೇಕ ಈ ಹೊಸ ಆಟಕ್ಕೂ ಸಲ್ಲುತ್ತದೆ.

2016ರಲ್ಲಿ ಬಂದ ‘ಸ್ಟಾರ್‌ಡ್ಯೂ ವ್ಯಾಲಿ’ಯ ವಸ್ತು ಬೇಸಾಯ. ಅದರ ಚಿತ್ರ, ಸಂಗೀತ, ಕಥೆ, ಪ್ರೋಗ್ರಾಂ ಎಲ್ಲವೂ ಎರಿಕ್ ಬರೋನ್ ಎಂಬ ಒಬ್ಬನೇ ತರುಣನ ನಾಲ್ಕು ವರ್ಷಗಳಿಗೂ ಮಿಕ್ಕಿದ ದುಡಿಮೆ. ಅಪಾರ ವೆಚ್ಚದ ‘ಸೈಬರ್‌ಪಂಕ್ 2077’ ಆದರೋ 2020ರ ಡಿಸೆಂಬರಿನಲ್ಲಿ ಎಷ್ಟು ದೋಷಗಳೊಡನೆ ಬಂದಿತೆಂದರೆ, ಸುಮಾರು ವಾರದಲ್ಲಿಯೇ ಸೋನಿ ಸಂಸ್ಥೆ ಅದನ್ನು ತನ್ನ ಮಳಿಗೆಯಿಂದ ತೆಗೆದು, ಕೊಂಡವರಿಗೆ ಹಣ ಹಿಂದಿರುಗಿಸಲು ಒಪ್ಪಿತು. ಮುಂದೆ ಅದನ್ನು ತಿದ್ದಿದರೆನ್ನಿ.

ಆದರೂ ನ್ಯಾಯ ಹೇಳಬೇಕು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರ ಕಾಡು, ಕುದುರೆ, ಹಿಮಗಳ ವೈಭವ ಒಬ್ಬನ ಕೈಗೆ ಎಟುಕುವಂಥದಲ್ಲ, ಅದಕ್ಕೆ ನೂರಾರು ಕೈಗಳು ಬೇಕು.

ಅಂಥ ಕೆಲಸದಲ್ಲಿ ನಮ್ಮವರ ಕೈ ಪಳಗಿದೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಧ್ರುವ ಇಂಟರಾಕ್ಟಿವ್’ ಪರದೇಶದ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರಾಯಿತು. 2019ರಲ್ಲಿ ‘ರೆಡ್ ಡೆಡ್’ನ ಒಡೆಯರಾದ ರಾಕ್‌ಸ್ಟಾರ್‌ನವರೇ ಅದನ್ನು ಕೊಂಡರು. ಪರರ ರಂಗಕ್ಕೆ ವೇಷ ಕಟ್ಟುವ ಕುಶಲತೆ ನಮಗುಂಟು. ನಮ್ಮದೇ ಪ್ರಸಂಗ ಕಟ್ಟುವುದೆಂದು? ಹಣವಿಲ್ಲವೆಂಬ ನೆಪ ಬರೋನನ ಮುಂದೆ ನಿಲ್ಲದು. ಒಂದು ಕಂಪ್ಯೂಟರೂ ನಾಲ್ಕು ವರ್ಷಗಳ ತಾಳ್ಮೆಯೂ ಉಳ್ಳ ತರುಣರು ಕನ್ನಡದಲ್ಲಿಯೂ ಇದ್ದಾರಷ್ಟೆ.