ಪೆದ್ದು ಅನ್ನೋರಿಗೂ ಜೈಲಿದೆ

ಕೊಡಗಿನ ಕಾಫಿ ತೋಟದ ಲೈನ್‌ಮನೆಯ ಎರವರ ಮಗು ಅಕ್ಷರ ಹಿಡಿಯೋಕೆ ತಡವಾದರೆ ಏನಂತಾರೆ? "ಅವರ ಜಾತಿಯೇ ಅಷ್ಟು, ಪೆದ್ದು." ಒಂದೇ ಮಾತು, ಎರಡು ಅವಮಾನ. ಮನೆಯಲ್ಲಿ ಎರವ ಭಾಷೆ, ಶಾಲೆಯಲ್ಲಿ ಕನ್ನಡ. ತೊಡಕು ಭಾಷೆಯದೋ, ಕಲಿಕೆಯದೋ ಅಂತ ತಪಾಸಣೆ ಮಾಡಿಸಿದವರು ಯಾರು?

ಗೆಳೆಯರೇ, ಜಾತಿನಿಂದನೆಗೆ 1989ರ ಕಾಯ್ದೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನೂ ಓದಿ. ಅದು ಹೆಸರಿಸಿದ 21 ವೈಕಲ್ಯಗಳಲ್ಲಿ ಬುದ್ಧಿವೈಕಲ್ಯವೂ ಇದೆ, ಕಲಿಕಾ ನ್ಯೂನತೆಯೂ ಇದೆ. ನಾಲ್ಕು ಜನರೆದುರು ಬೇಕಂತಲೇ ಹೀಯಾಳಿಸಿದರೆ 92ನೇ ಕಲಮಿನಲ್ಲಿ 6 ತಿಂಗಳಿಂದ 5 ವರ್ಷ ಜೈಲು, ಜಾತಿನಿಂದನೆಗೆ ಇರುವಷ್ಟೇ.

ಆದರೆ ಕಾಯ್ದೆ ತಾನಾಗಿ ತೋಟದ ಗೇಟು ದಾಟೋದಿಲ್ಲ. ಕೂಲಿ ಬಿಟ್ಟು ಸರ್ಟಿಫಿಕೇಟಿಗೆ ಮಡಿಕೇರಿಗೆ ಅಲೆಯೋದು ತಾಯಿಯ ಹಣೆಬರಹವೇ? ತಪಾಸಣೆ ಲೈನ್‌ಮನೆಗೇ ಬರಲಿ. ಮೇಷ್ಟ್ರೇ, ಕನಿಕರ ನಿಮ್ಮಲ್ಲೇ ಇರಲಿ. ಆ ಮಗುವಿಗೆ ಮುಂದಿನ ಬೆಂಚಿನಲ್ಲಿ ಜಾಗ ಕೊಡಿ.